ಲಾರಿಯ ಹಿಂದಿನ ಅಚ್ಚಿನ ಒಳಗೆ

ಹೆದ್ದಾರಿಯ ಮಗ್ಗುಲಲ್ಲಿ ಕೆಟ್ಟು ನಿಂತ ಲಾರಿಯನ್ನು ನೋಡದವರು ಯಾರೂ ಇರಲಾರರು. ಹಿಂದೆ ಸಾಲಾಗಿ ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ. ಗಾಲಿಯ ಕೆಳಗೆ ಮತ್ತೊಂದು ದೊಡ್ಡ ಕಲ್ಲು. ನೆರಳಿನಲ್ಲಿ ತಲೆಯ ಮೇಲೆ ಕೈ ಹೊತ್ತು ಕುಳಿತ ಕ್ಲೀನರ್. "ಏನಾಯಿತಪ್ಪಾ?" ಎಂದು ಕೇಳಿದರೆ, "ಕ್ರೌನು ಹೋಯ್ತು ಸ್ವಾಮಿ" ಎನ್ನುತ್ತಾನೆ. ಬಸ್ಸಿನ ಕಿಟಕಿಯಿಂದ ಈ ನೋಟವನ್ನು ಕಂಡ ನಾವು 'ಪಾಪ' ಎಂದು ಹೇಳಿ ಮುಂದೆ ಸಾಗುತ್ತೇವೆ. ಹೋದದ್ದು ಏನು, ಏಕೆ ಹೋಯಿತು, ಹೋಗದಂತೆ ತಡೆಯಬಹುದಾಗಿತ್ತೆ ಎಂದು ಯೋಚಿಸುವುದಿಲ್ಲ. ಆದರೆ ನಾವು ಕುಳಿತ ಬಸ್ಸಿನ ಹಿಂಭಾಗದಲ್ಲಿಯೂ ಅದೇ ಯಂತ್ರ ಉಂಟು. ನಮ್ಮ ಅಡುಗೆಮನೆಯ ಈರುಳ್ಳಿ, ಗ್ಯಾಸಿನ ಉರುಳೆ, ಕಟ್ಟುತ್ತಿರುವ ಮನೆಯ ಸಿಮೆಂಟು ಎಲ್ಲವೂ ಅದರ ಹಲ್ಲುಗಳ ಮೇಲೆಯೇ ಸಾಗಿ ಬರುತ್ತವೆ. ಆ ಹಲ್ಲು ಮುರಿದಾಗ ಒಬ್ಬ ಚಾಲಕನ ಸಂಬಳಕ್ಕೆ ಕತ್ತರಿ ಬೀಳುವುದುಂಟು. ಘಟ್ಟದ ಇಳಿಜಾರಿನಲ್ಲಿ ಮುರಿದರೆ ಪ್ರಾಣಕ್ಕೇ ಸಂಚಕಾರ ಬರುವುದುಂಟು. ಆದುದರಿಂದ ಅದರ ಒಳಗನ್ನು ಸ್ವಲ್ಪ ಬಿಚ್ಚಿ ನೋಡೋಣ.

ಮೊದಲು ನಮ್ಮ ಎತ್ತಿನ ಗಾಡಿಯಿಂದಲೇ ಆರಂಭಿಸೋಣ. ಗಾಡಿಯ ಅಚ್ಚು ತಿರುಗುವುದಿಲ್ಲ. ಅದರ ಎರಡು ತುದಿಗಳಲ್ಲಿ ಗಾಲಿಗಳು ತಮ್ಮ ಪಾಡಿಗೆ ತಾವು ತಿರುಗುತ್ತವೆ. ಗಾಲಿ ಕಳಚದಂತೆ ಕಡಾಣಿ, ಸವೆಯದಂತೆ ಕೀಲೆಣ್ಣೆ. ಗಾಡಿ ಬಲಕ್ಕೆ ತಿರುಗಿದರೆ ಎಡಗಾಲಿ ಹೆಚ್ಚು ದೂರ ಓಡುತ್ತದೆ, ಬಲಗಾಲಿ ಕಡಿಮೆ ಓಡುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲವಾದ್ದರಿಂದ ಯಾವ ತಕರಾರೂ ಇಲ್ಲ. ಎಳೆಯುವ ಕೆಲಸ ಎತ್ತಿನದು, ಉರುಳುವ ಕೆಲಸ ಗಾಲಿಯದು.

ಲಾರಿಯಲ್ಲಿ ಹಾಗಲ್ಲ. ಅಲ್ಲಿ ಗಾಲಿಯೇ ಎಳೆಯಬೇಕು. ಎಂಜಿನ್ನಿನ ಬಲ ಎರಡು ಹಿಂಗಾಲಿಗಳಿಗೂ ತಲುಪಬೇಕು. ಎರಡನ್ನೂ ಒಂದೇ ಕಬ್ಬಿಣದ ಸರಳಿಗೆ ಬಿಗಿದು ತಿರುಗಿಸಿದರೆ ನೇರ ರಸ್ತೆಯಲ್ಲಿ ಸರಿಹೋದೀತು, ತಿರುವಿನಲ್ಲಿ ಏನಾಗುತ್ತದೆ? ಮೈಸೂರು, ಚಾಮರಾಜನಗರಗಳ ಕಡೆಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ ೨೭ ಹೇರ್‌ಪಿನ್ ತಿರುವುಗಳಿವೆ. ಅಂಥ ತಿರುವೊಂದರಲ್ಲಿ ಲಾರಿ ಅರ್ಧ ವೃತ್ತ ಸುತ್ತುತ್ತದೆ ಎಂದಿಟ್ಟುಕೊಳ್ಳಿ. ಹಿಂದಿನ ಎಡಬಲ ಗಾಲಿಗಳ ನಡುವಿನ ಅಂತರ ಸುಮಾರು ೧.೮ ಮೀಟರು. ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕವನ್ನು ಹಾಕಿದರೆ, ಹೊರಗಿನ ಗಾಲಿ ಒಳಗಿನದಕ್ಕಿಂತ ೫.೬ ಮೀಟರಿನಷ್ಟು ಹೆಚ್ಚು ದೂರ ಓಡಬೇಕು. ಎಂದರೆ ಸುಮಾರು ಒಂದೂಮುಕ್ಕಾಲು ಸುತ್ತು ಹೆಚ್ಚು. ಸ್ವಾರಸ್ಯವೆಂದರೆ ತಿರುವು ಅಗಲವಾಗಿರಲಿ, ಇಕ್ಕಟ್ಟಾಗಿರಲಿ, ಅರ್ಧ ವೃತ್ತಕ್ಕೆ ಈ ವ್ಯತ್ಯಾಸ ಅಷ್ಟೇ. ಗಾಲಿಗಳನ್ನು ಒಂದೇ ಸರಳಿಗೆ ಬಿಗಿದಿದ್ದರೆ ಪ್ರತಿ ತಿರುವಿನಲ್ಲಿಯೂ ಯಾವುದಾದರೂ ಒಂದು ಟೈರು ನೆಲವನ್ನು ಉಜ್ಜಿಕೊಂಡು ಜಾರಬೇಕು, ಇಲ್ಲವೇ ಸರಳು ತಿರುಚಿಕೊಳ್ಳಬೇಕು.

ಈ ತೊಡಕನ್ನು ಬಿಡಿಸುವುದೇ ಡಿಫರೆನ್ಷಿಯಲ್. ಹೆಸರಿನಲ್ಲಿಯೇ ಅರ್ಥವಿದೆ: ಭೇದವನ್ನು ಕಲ್ಪಿಸುವುದು. ಕನ್ನಡದಲ್ಲಿ ವೇಗಭೇದಕ ಎನ್ನಬಹುದು. ಫ್ರಾನ್ಸಿನ ಗಡಿಯಾರ ಕುಶಲಿ ಪೆಕ್ಯೂರ್ ಎಂಬಾತ ೧೮೨೦ರ ದಶಕದ ಕೊನೆಯಲ್ಲಿ ಉಗಿಬಂಡಿಗಾಗಿ ಇದರ ಹಕ್ಕುಪತ್ರ ಪಡೆದನು. ಪೆಟ್ರೋಲಿನ ಮೋಟಾರು ಇನ್ನೂ ಹುಟ್ಟಿರಲಿಲ್ಲ. ಅದಕ್ಕೆ ಬೇಕಾದ ಅಂಗ ಮೊದಲೇ ಸಿದ್ಧವಾಗಿತ್ತು.

ಲಾರಿಯ ಹಿಂದೆ ನಿಂತು ಬಗ್ಗಿ ನೋಡಿದರೆ ಅಚ್ಚಿನ ನಡುವೆ ಗಡಿಗೆಯಂತೆ ಉಬ್ಬಿದ ಭಾಗವೊಂದು ಕಾಣುತ್ತದೆ. ಅದನ್ನು ಹೌಸಿಂಗ್ ಎನ್ನುತ್ತಾರೆ. ಎಂಜಿನ್ನಿನಿಂದ ಬಂದ ಉದ್ದನೆಯ ಶಾಫ್ಟು ಅದರೊಳಕ್ಕೆ ಹೊಕ್ಕು, ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಪಿನಿಯನ್ ತನಗಿಂತ ಬಹು ದೊಡ್ಡದಾದ ಕ್ರೌನ್ ವೀಲನ್ನು ತಿರುಗಿಸುತ್ತದೆ. ಕಿರೀಟದಂತೆ ಅಂಚಿನಲ್ಲಿ ಹಲ್ಲುಗಳಿರುವುದರಿಂದ ಅದಕ್ಕೆ ಆ ಹೆಸರು. ಕ್ರೌನಿಗೆ ಒಂದು ಗೂಡನ್ನು ಬಿಗಿದಿರುತ್ತಾರೆ. ಗೂಡಿನೊಳಗೆ ನಾಲ್ಕು ತೋಳಿನ ಅಡ್ಡಕಡ್ಡಿ; ತೋಳಿಗೊಂದರಂತೆ ನಾಲ್ಕು ಪುಟ್ಟ ಹಲ್ಲುಗಾಲಿಗಳು. ಇವನ್ನು ಸ್ಟಾರ್ ಪಿನಿಯನ್ ಎನ್ನುತ್ತಾರೆ. ಇವು ಎಡಬಲದಲ್ಲಿರುವ ಎರಡು ಪಕ್ಕದ ಗೇರುಗಳೊಡನೆ ಕಚ್ಚಿಕೊಂಡಿರುತ್ತವೆ. ಆ ಗೇರುಗಳಿಂದ ಎರಡು ಆಕ್ಸಲ್ ಶಾಫ್ಟುಗಳು ಹೊರಟು ಗಾಲಿಗಳನ್ನು ಸೇರುತ್ತವೆ.

ನೇರ ರಸ್ತೆಯಲ್ಲಿ ಸ್ಟಾರ್ ಪಿನಿಯನ್‌ಗಳು ತಮ್ಮ ತೋಳಿನ ಮೇಲೆ ತಿರುಗುವುದೇ ಇಲ್ಲ. ಗೂಡಿನೊಡನೆ ಸುಮ್ಮನೆ ಸುತ್ತು ಬರುತ್ತವೆ. ತಿರುವು ಬಂದೊಡನೆ ಒಳಗಾಲಿ ಹಿಂದೆ ಬೀಳುತ್ತದೆ. ಸ್ಟಾರ್ ಪಿನಿಯನ್‌ಗಳು ನಿಧಾನವಾಗಿ ಹೊರಳಿ, ಅಲ್ಲಿ ಕಡಿಮೆಯಾದ ಸುತ್ತನ್ನು ಹೊರಗಾಲಿಗೆ ಸೇರಿಸುತ್ತವೆ. ಕ್ರೌನು ನಿಮಿಷಕ್ಕೆ ೧೦೦ ಸುತ್ತು ತಿರುಗಿದರೆ ಎರಡು ಗಾಲಿಗಳ ಸುತ್ತನ್ನು ಕೂಡಿದ ಮೊತ್ತ ಯಾವಾಗಲೂ ೨೦೦. ಒಂದು ೯೦ ಆದರೆ ಇನ್ನೊಂದು ೧೧೦. ಅಣ್ಣತಮ್ಮಂದಿರ ಪಾಲಿನಂತೆ ಒಬ್ಬನಿಗೆ ಕಡಿಮೆಯಾದುದು ಇನ್ನೊಬ್ಬನಿಗೆ ಹೋಗುತ್ತದೆ. ಒಟ್ಟು ಆಸ್ತಿ ಬದಲಾಗದು. ಸುತ್ತನ್ನು ಹೀಗೆ ಹೆಚ್ಚುಕಡಿಮೆಯಾಗಿ ಹಂಚಿದರೂ ಬಲವನ್ನು ಮಾತ್ರ ಇದು ಸಮನಾಗಿಯೇ ಹಂಚುತ್ತದೆ. ಈ ಎರಡು ನಿಯಮಗಳನ್ನು ನೆನಪಿನಲ್ಲಿಡಿ. ಮುಂದೆ ಹೇಳುವ ಹಲವು ಅನಾಹುತಗಳು ಇವುಗಳಿಂದಲೇ ಹುಟ್ಟುತ್ತವೆ.

ಈ ಅಂಗದ ಮೇಲೆ ಬೀಳುವ ಭಾರ ಸಾಮಾನ್ಯವಾದುದಲ್ಲ. ಎಂಜಿನ್ನಿನ ತಿರುಚುಬಲ ಮೊದಲನೆಯ ಗೇರಿನಲ್ಲಿ ಆರೇಳು ಪಟ್ಟು ಹೆಚ್ಚುತ್ತದೆ. ಪಿನಿಯನ್ನಿಗೆ ೬ ಹಲ್ಲು, ಕ್ರೌನಿಗೆ ೪೧ ಹಲ್ಲು ಇದ್ದರೆ ಅಲ್ಲಿ ಮತ್ತೆ ಸುಮಾರು ಏಳು ಪಟ್ಟು. ಒಟ್ಟಿನಲ್ಲಿ ನಲವತ್ತು, ಐವತ್ತು ಪಟ್ಟಿನಷ್ಟಾದ ಬಲ ಯಾವುದೇ ಕ್ಷಣದಲ್ಲಿ ಎರಡು ಮೂರು ಹಲ್ಲುಗಳ ಮೇಲೆ ಮಾತ್ರ ನಿಂತಿರುತ್ತದೆ. ಅದಕ್ಕಾಗಿ ಈ ಹಲ್ಲುಗಳನ್ನು ವಿಶೇಷವಾಗಿ ಹದಗೊಳಿಸುತ್ತಾರೆ. ಮೇಲ್ಮೈ ಸವೆಯದಷ್ಟು ಗಡುಸು; ಒಳತಿರುಳು ಪೆಟ್ಟನ್ನು ತಾಳುವಷ್ಟು ಮೆತು. ಹೀಗೆ ಮಾಡಿದ ಹಲ್ಲು ಲಕ್ಷಾಂತರ ಕಿಲೋಮೀಟರು ಬಾಳಬಲ್ಲುದು. ಹಾಗಿದ್ದರೂ ಮುರಿಯುತ್ತದೆ ಎಂದರೆ ಅದಕ್ಕೆ ಕಾರಣ ಇರಲೇಬೇಕು. ಮುಖ್ಯವಾದ ಕಾರಣಗಳು ನಾಲ್ಕು. ಒಂದೊಂದೂ ಲೋಹದ ಮೇಲೆ ತನ್ನದೇ ಗುರುತನ್ನು ಬಿಟ್ಟು ಹೋಗುತ್ತದೆ.

ಮೊದಲನೆಯದು ಎಣ್ಣೆಯ ಕೊರತೆ. ಈಗಿನ ಎಷ್ಟೋ ಲಾರಿಗಳಲ್ಲಿ ಪಿನಿಯನ್ ಕ್ರೌನಿನ ನಡುಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕಚ್ಚಿಕೊಂಡಿರುತ್ತದೆ. ಈ ಬಗೆಯ ಜೋಡಣೆಗೆ ಹೈಪಾಯ್ಡ್ ಎಂದು ಹೆಸರು. ಇದರಿಂದ ಹಲ್ಲಿಗೆ ಬಲ ಹೆಚ್ಚು, ಸದ್ದು ಕಡಿಮೆ. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉದ್ದಕ್ಕೂ ಜಾರುತ್ತವೆ. ಆ ಒತ್ತಡದಲ್ಲಿ ಸಾಮಾನ್ಯ ಎಣ್ಣೆಯ ಪೊರೆ ಹರಿದುಹೋಗುತ್ತದೆ. ಅದಕ್ಕಾಗಿಯೇ ಗಂಧಕ, ರಂಜಕಗಳ ಸಂಯುಕ್ತಗಳನ್ನು ಬೆರೆಸಿದ ವಿಶೇಷ ಗೇರ್ ಎಣ್ಣೆಯನ್ನು ಹಾಕಬೇಕು. ಯಾವುದೋ ಎಣ್ಣೆಯನ್ನು ಸುರಿದರೆ, ಅಥವಾ ಮಟ್ಟ ಇಳಿದಿದ್ದರೆ, ಲೋಹಕ್ಕೆ ಲೋಹ ತಾಗಿ ಹಲ್ಲಿನ ಮುಖದ ಮೇಲೆ ಉಗುರಿನಿಂದ ಕೆರೆದಂಥ ಗೀರುಗಳು ಏಳುತ್ತವೆ. ಶಾಖ ೩೦೦ ಡಿಗ್ರಿ ಸೆಂಟಿಗ್ರೇಡಿನ ಹತ್ತಿರ ಏರಿದರೆ ಉಕ್ಕು ನೀಲಿಗಟ್ಟುತ್ತದೆ. ಹದ ಕೆಟ್ಟು ಮೆತ್ತಗಾಗುತ್ತದೆ. ನೀಲಿಗಟ್ಟಿದ ಹಲ್ಲನ್ನು ಕಂಡರೆ ಎಣ್ಣೆ ನೋಡುವವರು ನೋಡಿರಲಿಲ್ಲ ಎಂದೇ ತಿಳಿಯಬೇಕು.

ಎಣ್ಣೆ ಇದ್ದೂ ಕೆಡುವುದುಂಟು. ಹೌಸಿಂಗಿನ ಮೇಲೆ ಬ್ರೀದರ್ ಎಂಬ ಸಣ್ಣ ಉಸಿರುಗಂಡಿ ಇರುತ್ತದೆ. ಓಡಿ ಕಾದ ಲಾರಿ ಹೊಳೆಗೋ ತುಂಬಿದ ಹಳ್ಳಕ್ಕೋ ಇಳಿದರೆ ಒಳಗಿನ ಗಾಳಿ ಥಟ್ಟನೆ ತಣಿದು ಕುಗ್ಗಿ, ಈ ಗಂಡಿಯಿಂದಲೂ ಸವೆದ ಸೀಲುಗಳಿಂದಲೂ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ. ಬೇರಿಂಗುಗಳಿಗೆ ತುಕ್ಕು ಹಿಡಿಯುತ್ತದೆ. ಗಂಡಿಗೆ ಕೆಸರು ಮೆತ್ತಿ ಮುಚ್ಚಿಹೋದರೆ ಇದಕ್ಕೆ ತದ್ವಿರುದ್ಧ: ಕಾದ ಗಾಳಿಗೆ ದಾರಿಯಿಲ್ಲದೆ ಒತ್ತಡ ಹೆಚ್ಚಿ, ಎಣ್ಣೆ ಸೀಲನ್ನು ದಾಟಿ ಗಾಲಿಯ ಕಡೆಗೆ ಹರಿಯುತ್ತದೆ. ಅಲ್ಲಿ ಬ್ರೇಕಿನ ಲೈನಿಂಗು ಎಣ್ಣೆಯಲ್ಲಿ ನೆನೆದರೆ ಬ್ರೇಕು ಹಿಡಿಯುವುದಿಲ್ಲ. ಬೆರಳುಗಾತ್ರದ ಗಂಡಿ ಮುಚ್ಚಿಹೋದರೆ ಬ್ರೇಕಿಗೇ ಕುತ್ತು.

ಎರಡನೆಯದು ಕೆಸರಿನಲ್ಲಿ ಗಾಲಿ ಸುತ್ತಿಸುವುದು. ಒಂದು ಗಾಲಿ ಕೆಸರಿನಲ್ಲಿ ಹೂತಿದೆ, ಇನ್ನೊಂದು ಗಟ್ಟಿನೆಲದ ಮೇಲಿದೆ. ಬಲವನ್ನು ಸಮನಾಗಿ ಹಂಚುವುದು ಯಂತ್ರದ ಧರ್ಮವೆಂದು ಹೇಳಿದೆನಷ್ಟೆ. ಕೆಸರಿನ ಗಾಲಿ ಜಾರುವುದರಿಂದ ಅಲ್ಲಿ ಬಲ ನಿಲ್ಲದು. ಆದುದರಿಂದ ಗಟ್ಟಿನೆಲದ ಗಾಲಿಗೂ ಅಷ್ಟೇ ಅಲ್ಪಬಲ ದೊರೆತು ಅದು ಅಲುಗುವುದಿಲ್ಲ. ಸುತ್ತಿನ ಲೆಕ್ಕ ಮಾತ್ರ ತಪ್ಪದು: ಒಂದು ಸೊನ್ನೆಯಾದರೆ ಇನ್ನೊಂದು ಕ್ರೌನಿನ ಎರಡರಷ್ಟು. ಚಾಲಕ ಆತುರಪಟ್ಟು ಆಕ್ಸಿಲರೇಟರನ್ನು ಒತ್ತಿದಷ್ಟೂ ಆ ಗಾಲಿ ಭರ್ರನೆ ಸುತ್ತುತ್ತದೆ. ಒಳಗೆ, ನಿಧಾನವಾಗಿ ಹೊರಳುವುದಕ್ಕೆಂದು ಮಾಡಿದ ಸ್ಟಾರ್ ಪಿನಿಯನ್‌ಗಳು ಬುಗುರಿಯಂತೆ ತಿರುಗತೊಡಗುತ್ತವೆ. ಅವುಗಳ ತೋಳಿಗೆ ಬೇರಿಂಗಿನ ಆಧಾರವಿಲ್ಲ; ಇದ್ದ ಎಣ್ಣೆ ಹಾರಿಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ಪಿನಿಯನ್ ತೋಳಿಗೆ ಬೆಸುಗೆಯಾದಂತೆ ಕಚ್ಚಿಕೊಳ್ಳಬಹುದು, ತೋಳು ಮುರಿಯಬಹುದು, ಮುರಿದ ಚೂರು ಗೂಡನ್ನೇ ಸೀಳಬಹುದು. ಕೆಲವು ಲಾರಿಗಳಲ್ಲಿ ಎರಡು ಶಾಫ್ಟುಗಳನ್ನು ಒಂದಾಗಿ ಬಿಗಿಯುವ ಡಿಫರೆನ್ಷಿಯಲ್ ಲಾಕ್ ಇರುತ್ತದೆ. ಗಾಲಿ ನಿಂತಿರುವಾಗ ಅದನ್ನು ಹಾಕಿ, ಕೆಸರು ದಾಟಿದೊಡನೆ ತಿರುವಿಗೆ ಮೊದಲೇ ತೆಗೆಯಬೇಕು. ಮರೆತರೆ ಶಾಫ್ಟು ಹೋಗುತ್ತದೆ.

ಮೂರನೆಯದು ಹಠಾತ್ತಾದ ಪೆಟ್ಟು. ಏರಿನಲ್ಲಿ ನಿಂತ ತುಂಬಿದ ಲಾರಿಯನ್ನು ಎಬ್ಬಿಸಲು ಎಂಜಿನ್ನನ್ನು ಮೊರೆಯಿಸಿ ಕ್ಲಚ್ಚನ್ನು ಝಟ್ಟನೆ ಬಿಡುವುದು. ಕೆಸರಿನಲ್ಲಿ ಸುತ್ತುತ್ತಿದ್ದ ಗಾಲಿ ಇದ್ದಕ್ಕಿದ್ದಂತೆ ಗಟ್ಟಿನೆಲವನ್ನು ಕಚ್ಚುವುದು. ಇಂಥ ಪೆಟ್ಟಿಗೆ ಹಲ್ಲು ಒಂದೇ ಏಟಿಗೆ ಮುರಿಯುತ್ತದೆ, ಅಥವಾ ಆಕ್ಸಲ್ ಶಾಫ್ಟು ಹುರಿಹಗ್ಗದಂತೆ ತಿರುಚಿಕೊಂಡು ತುಂಡಾಗುತ್ತದೆ. ಹೀಗೆ ಮುರಿದ ಹಲ್ಲಿನ ಮುಖ ಅಂಚಿನಿಂದ ಅಂಚಿನವರೆಗೆ ಒಂದೇ ರೀತಿ ಒರಟು. ಮುರಿದ ಬೆಲ್ಲದ ಅಚ್ಚಿನಂತೆ ಹರಳುಹರಳು.

ನಾಲ್ಕನೆಯದು ಎಲ್ಲಕ್ಕಿಂತ ಗುಪ್ತವಾದುದು, ಲೋಹದ ದಣಿವು. ಇದನ್ನು ಮನುಷ್ಯ ಕಲಿತದ್ದು ಬಹಳ ಬೆಲೆ ತೆತ್ತು. ೧೮೪೨ರ ಮೇ ತಿಂಗಳಲ್ಲಿ ವರ್ಸೇಲ್ಸಿನಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬಂಡಿಗಳಿಗೆ ಬೆಂಕಿ ಹತ್ತಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷ ರ್‍ಯಾಂಕಿನ್ ಎಂಬ ಸ್ಕಾಟ್ಲೆಂಡಿನ ತರುಣ ಎಂಜಿನಿಯರ್, ಮುರಿದ ರೈಲು ಅಚ್ಚುಗಳನ್ನು ಪರೀಕ್ಷಿಸಿ, ಬಿರುಕು ಅಂಚಿನಲ್ಲಿ ಹುಟ್ಟಿ ದಿನದಿನವೂ ಸ್ವಲ್ಪ ಸ್ವಲ್ಪವೇ ಒಳಕ್ಕೆ ಬೆಳೆಯುತ್ತದೆ ಎಂದು ತೋರಿಸಿದನು. ಆ ಬಳಿಕ ೧೮೫೦, ೧೮೬೦ರ ದಶಕಗಳಲ್ಲಿ ಪ್ರಷ್ಯದ ರೈಲ್ವೆಯಲ್ಲಿದ್ದ ಆಗಸ್ಟ್ ವೋಲರ್ ವರ್ಷಗಟ್ಟಲೆ ಪ್ರಯೋಗ ನಡೆಸಿ, ಒಂದೇ ಸಲ ಹೇರಿದರೆ ಮುರಿಯದ ಭಾರವೂ ಲಕ್ಷಗಟ್ಟಲೆ ಸಲ ಮರಳಿ ಮರಳಿ ಬಿದ್ದರೆ ಮುರಿಯುತ್ತದೆ ಎಂಬುದನ್ನು ಸ್ಥಾಪಿಸಿದನು. ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುವುದನ್ನು ನಾವೆಲ್ಲರೂ ಬಲ್ಲೆವು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಹಲ್ಲಿನ ಬುಡದಲ್ಲಿ ನಡೆಯುವುದೂ ಅದೇ. ಹೀಗೆ ಮುರಿದ ಹಲ್ಲಿನ ಮುಖದಲ್ಲಿ ಎರಡು ಭಾಗಗಳು ಸ್ಪಷ್ಟವಾಗಿ ಕಾಣುತ್ತವೆ. ಬಿರುಕು ತಿಂಗಳುಗಟ್ಟಲೆ ಬೆಳೆದ ಭಾಗ ನುಣುಪಾಗಿ, ಮಾಸಿದ ಬಣ್ಣದಲ್ಲಿ, ಕೆರೆಯ ನೀರು ಇಳಿಯುತ್ತಾ ದಡದ ಮೇಲೆ ಬಿಟ್ಟ ಗೆರೆಗಳಂತೆ ಬಾಗಿದ ಗೆರೆಗಳಿಂದ ಕೂಡಿರುತ್ತದೆ. ಕೊನೆಯ ದಿನ ಮುರಿದ ಭಾಗ ಮಾತ್ರ ಹೊಳೆಯುವ ಒರಟು.

ಈ ದಣಿವನ್ನು ಬೇಗ ತರುವುದು ಮಿತಿಮೀರಿದ ಹೇರು. ಉರುಳೆ ಬೇರಿಂಗುಗಳ ಆಯುಸ್ಸನ್ನು ಎಣಿಸಲು ಎಂಜಿನಿಯರುಗಳು ಬಳಸುವ ಒಂದು ಸೂತ್ರವಿದೆ. ಅದರಂತೆ ಭಾರ ಕಾಲುಭಾಗ ಹೆಚ್ಚಿದರೆ ಬೇರಿಂಗಿನ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ. ಭಾರ ಎರಡರಷ್ಟಾದರೆ ಆಯುಸ್ಸು ಹತ್ತರಲ್ಲಿ ಒಂದು ಪಾಲು. ಹತ್ತು ಟನ್ನಿನ ಜಾಗದಲ್ಲಿ ಹನ್ನೆರಡೂವರೆ ಹೇರಿದವನು ಎರಡೂವರೆ ಟನ್ನಿನ ಬಾಡಿಗೆಯನ್ನು ಗಳಿಸಿದೆನೆಂದು ಹಿಗ್ಗುತ್ತಾನೆ. ಬೇರಿಂಗಿನ ಆಯುಸ್ಸಿನಲ್ಲಿ ಅರ್ಧವನ್ನು ಅದಕ್ಕೆ ಕೊಟ್ಟದ್ದು ಅವನ ಲೆಕ್ಕಪುಸ್ತಕದಲ್ಲಿ ಇರುವುದಿಲ್ಲ. ೨೦೧೮ರಲ್ಲಿ ಕೇಂದ್ರ ಸರಕಾರ ನಾಲ್ಕು ಟೈರಿನ ಒಂದು ಅಚ್ಚಿನ ಮೇಲಿನ ಮಿತಿಯನ್ನು ೧೦.೨ ಟನ್ನಿನಿಂದ ೧೧.೫ ಟನ್ನಿಗೆ ಏರಿಸಿತು. ಮಿತಿ ಏರಿತೆಂದು ಹಳೆಯ ಲಾರಿಯ ಉಕ್ಕು ತಾನಾಗಿ ಗಟ್ಟಿಯಾಗುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಬೇರಿಂಗು ಸಡಿಲವಾದರೆ ಕೇಡು ಅಲ್ಲಿಗೇ ನಿಲ್ಲುವುದಿಲ್ಲ. ಪಿನಿಯನ್ ಮತ್ತು ಕ್ರೌನಿನ ಹಲ್ಲುಗಳ ನಡುವೆ ಇರಬೇಕಾದ ಎಡೆ ಕಾಲು ಮಿಲಿಮೀಟರಿನ ಆಸುಪಾಸು. ಆಯಾ ಲಾರಿಗೆ ಎಷ್ಟೆಂಬುದನ್ನು ತಯಾರಕರ ಪುಸ್ತಕದಲ್ಲಿ ಕೊಟ್ಟಿರುತ್ತಾರೆ. ಬೇರಿಂಗು ಸವೆದು ಪಿನಿಯನ್ ಒಂದು ಕೂದಲೆಳೆ ಸರಿದರೂ, ಹಲ್ಲಿನ ನಡುವೆ ಕೂಡಬೇಕಾದ ಭಾರ ಅದರ ಅಂಚಿಗೆ ಬರುತ್ತದೆ. ಒಳ್ಳೆಯ ಮೇಸ್ತ್ರಿ ಇದನ್ನು ಪರೀಕ್ಷಿಸುವ ರೀತಿ ಸೊಗಸಾದುದು. ಕ್ರೌನಿನ ಕೆಲವು ಹಲ್ಲುಗಳಿಗೆ ಬಣ್ಣ ಬಳಿದು ಕೈಯಿಂದ ತಿರುಗಿಸುತ್ತಾನೆ. ಪಿನಿಯನ್ ಒತ್ತಿದ ಕಡೆ ಬಣ್ಣ ಅಳಿಸಿ ಒಂದು ಗುರುತು ಮೂಡುತ್ತದೆ. ಹಣೆಯ ಬೊಟ್ಟಿನಂತೆ ಗುರುತು ನಡುವಿನಲ್ಲಿದ್ದರೆ ಜೋಡಣೆ ಸರಿ. ಅಂಚಿಗೆ ಸರಿದಿದ್ದರೆ ಮತ್ತೆ ಬಿಚ್ಚಬೇಕು.

ಇನ್ನೊಂದು ಮಾತು. ಕ್ರೌನು, ಪಿನಿಯನ್ನುಗಳನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿ, ಎರಡಕ್ಕೂ ಒಂದೇ ಸಂಖ್ಯೆಯನ್ನು ಕೊರೆದಿರುತ್ತಾರೆ. ಹಲ್ಲಿನ ಲೆಕ್ಕ ೬ಕ್ಕೆ ೪೧ ಎಂದು ವಿಚಿತ್ರವಾಗಿರುವುದೂ ಬೇಕೆಂದೇ. ಸಾಮಾನ್ಯ ಅಪವರ್ತನವಿಲ್ಲದ ಈ ಸಂಖ್ಯೆಗಳಿಂದಾಗಿ ಪಿನಿಯನ್ನಿನ ಪ್ರತಿಯೊಂದು ಹಲ್ಲೂ ಕ್ರೌನಿನ ಪ್ರತಿಯೊಂದು ಹಲ್ಲನ್ನೂ ಸರದಿಯಂತೆ ಸಂಧಿಸುತ್ತದೆ. ಸವೆತ ಎಲ್ಲರಿಗೂ ಸಮನಾಗಿ ಹಂಚುತ್ತದೆ. ಹಣ ಉಳಿಸಲೆಂದು ಮುರಿದ ಒಂದನ್ನು ಮಾತ್ರ ಬದಲಾಯಿಸುವುದು, ಒಂಟಿ ಚಪ್ಪಲಿ ಕೊಂಡು ಹಳೆಯದರೊಡನೆ ಮೆಟ್ಟಿದಂತೆ.

ಈ ಗುರುತುಗಳನ್ನು ಓದಬಲ್ಲವರು ಇದ್ದರೆ ಏನು ಪ್ರಯೋಜನ ಎನ್ನುವಿರೋ? ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಲಾರಿ ಓಡಿಸುತ್ತಾನೆ. ಒಮ್ಮೆ ಘಟ್ಟದ ಏರಿನಲ್ಲಿ ಕ್ರೌನಿನ ಹಲ್ಲುಗಳು ಮುರಿದವು. "ಕ್ಲಚ್ ಎತ್ತಿ ಹೊಡೆದು ಮುರಿದಿದ್ದೀಯೆ" ಎಂದು ಮಾಲೀಕರು ದುರಸ್ತಿಯ ಹಣವನ್ನು ಅವನ ಸಂಬಳದಿಂದ ಹಿಡಿಯತೊಡಗಿದರು. ಅವನು ಮುರಿದ ಹಲ್ಲೊಂದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು, "ಮೇಷ್ಟ್ರೇ, ನೀವು ಒಂದು ಮಾತು ಹೇಳಿ" ಎಂದನು. ವ್ಯಾಕರಣದ ಮೇಷ್ಟರು ಗೇರಿನ ಹಲ್ಲಿಗೆ ಏನು ಹೇಳಿಯಾರು? ಅವನೊಡನೆ ಊರಿನ ಹಿರಿಯ ಮೇಸ್ತ್ರಿಯ ಬಳಿಗೆ ಹೋದೆ. ಆತ ಹಲ್ಲನ್ನು ಒರೆಸಿ ಬಿಸಿಲಿಗೆ ಹಿಡಿದು, "ನೋಡಿ ಮೇಷ್ಟ್ರೇ, ಈ ಅರ್ಧ ನುಣ್ಣಗೆ, ಕಪ್ಪಗೆ, ಈ ಅರ್ಧ ಬೆಳ್ಳಗೆ, ಒರಟು. ಅವತ್ತು ಮುರಿದದ್ದು ಈ ಅರ್ಧ ಮಾತ್ರ. ಉಳಿದ ಅರ್ಧ ಎಷ್ಟೋ ದಿನದಿಂದ ಮುರೀತಾ ಬಂದಿದೆ. ಇದು ಹೇರು ಮುರಿದ ಹಲ್ಲು, ಹುಡುಗ ಮುರಿದ ಹಲ್ಲಲ್ಲ" ಎಂದನು. ಆ ಮಾತನ್ನು ಮಾಲೀಕರ ಎದುರಿಗೂ ಬಂದು ಹೇಳಿದನು. ಹಿಡಿದಿದ್ದ ಹಣ ಪೂರ್ತಿ ಹಿಂದಿರುಗಲಿಲ್ಲ. ಮುಂದಿನ ತಿಂಗಳಿಂದ ಹಿಡಿಯುವುದು ನಿಂತಿತು. ಪೆಟ್ಟಿಗೆ ಮುರಿದಿದ್ದರೆ ಅದೇ ಹಲ್ಲು ಹುಡುಗನ ವಿರುದ್ಧವೂ ಹೇಳುತ್ತಿತ್ತು. ಲೋಹ ಯಾರ ಮುಖವನ್ನೂ ನೋಡಿ ಸಾಕ್ಷಿ ನುಡಿಯುವುದಿಲ್ಲ. ಆದುದರಿಂದ ಮುರಿದ ಚೂರನ್ನು ಗುಜರಿಗೆ ಎಸೆಯುವ ಮೊದಲು ಒರೆಸಿ ಎತ್ತಿಡಬೇಕು. ಚಾಲಕನಿಗೂ ಒಳ್ಳೆಯದು, ಮಾಲೀಕನಿಗೂ ಒಳ್ಳೆಯದು.

ಮುರಿಯುವ ಮುನ್ನವೂ ಈ ಯಂತ್ರ ಬಹುಮಟ್ಟಿಗೆ ಸೂಚನೆ ಕೊಡುತ್ತದೆ. ಅದು ಧ್ವನಿಯ ಮೂಲಕ. ಬಾನುಲಿಯನ್ನು ಕೇಳಿ ಪಳಗಿದ ಕಿವಿಗಳಿಗೆ ಇದು ಕಷ್ಟವಲ್ಲ. ಎಂಜಿನ್ ಎಳೆಯುವಾಗ ಮಾತ್ರ ಕೀರಲು ಕೂಗು ಕೇಳಿ, ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ನಿಂತರೆ, ಕ್ರೌನು ಪಿನಿಯನ್ನುಗಳ ಹೊಂದಾಣಿಕೆ ಕೆಟ್ಟಿರಬಹುದು. ಕಾಲು ತೆಗೆದಾಗಲೇ ಕೂಗಿದರೆ ಪಿನಿಯನ್ನಿನ ಬೇರಿಂಗು ಸಡಿಲವೋ ಎಂದು ನೋಡಬೇಕು. ಎರಡೂ ಹೊತ್ತಿನಲ್ಲಿ ಗೊರಗೊರ ಎಂದು, ವೇಗದೊಡನೆ ಏರುತ್ತಾ ಹೋದರೆ ಬೇರಿಂಗು ಸವೆದಿರಬಹುದು. ತಿರುವಿನಲ್ಲಿ ಮಾತ್ರ ಸದ್ದಾದರೆ ಸ್ಟಾರ್ ಪಿನಿಯನ್‌ಗಳ ಮೇಲೆ ಸಂಶಯ. ಹೊರಡುವಾಗಲೂ ಹಿಂದಕ್ಕೆ ಬರುವಾಗಲೂ 'ಠಣ್' ಎಂದರೆ ಎಲ್ಲಿಯೋ ಸಡಿಲ ಹೆಚ್ಚಾಗಿದೆ. ಗಡಿಯಾರದಂತೆ ಒಂದೇ ಅಂತರದಲ್ಲಿ 'ಟಕ್ ಟಕ್' ಎಂದರೆ ಒಂದು ಹಲ್ಲು ಆಗಲೇ ಹೋಗಿರಬಹುದು. ಅಲ್ಲಿಗೇ ನಿಲ್ಲಿಸುವುದು ಲೇಸು. ಮುರಿದ ಹಲ್ಲಿನ ಚೂರು ಎಣ್ಣೆಯೊಡನೆ ಸುತ್ತಿ ಬಂದು ಉಳಿದ ಹಲ್ಲುಗಳ ನಡುವೆ ಸಿಕ್ಕಿಕೊಂಡರೆ ಒಂದರ ಹಿಂದೆ ಒಂದು ಉದುರುತ್ತವೆ. ಟೈರಿನ ಸದ್ದನ್ನು ಇದರೊಡನೆ ಬೆರೆಸಬಾರದು. ಡಾಮರಿನಿಂದ ಕಾಂಕ್ರೀಟಿಗೆ ಹೋದಾಗ ಸದ್ದು ಬದಲಾದರೆ ಅದು ಟೈರಿನದು. ಅಚ್ಚಿನ ಒಳಗಿನ ಸದ್ದಿಗೆ ರಸ್ತೆ ಯಾವುದಾದರೂ ಒಂದೇ.

ಇಷ್ಟು ಎಚ್ಚರ ಏಕೆಂದರೆ, ಇಳಿಜಾರಿನಲ್ಲಿ ಈ ಹಲ್ಲುಗಳೇ ನಮ್ಮ ಎರಡನೆಯ ಬ್ರೇಕು. ಸಕಲೇಶಪುರದಿಂದ ಗುಂಡ್ಯದ ಕಡೆಗೆ ಶಿರಾಡಿ ಘಾಟಿಯಲ್ಲಿ ಇಳಿಯುವ ಲಾರಿ ಕೆಳಗಿನ ಗೇರಿನಲ್ಲಿ ಬರುವಾಗ, ಓಡುವ ಗಾಲಿಗಳು ಕ್ರೌನು ಪಿನಿಯನ್ನುಗಳ ಮೂಲಕ ಎಂಜಿನ್ನನ್ನು ತಿರುಗಿಸಬೇಕಾಗಿ ಬಂದು, ಆ ಪ್ರಯಾಸದಲ್ಲಿ ವೇಗ ತಗ್ಗುತ್ತದೆ. ನಡುವೆ ಹಲ್ಲುಗಳು ಉದುರಿದರೆ, ಅಥವಾ ಒಂದೇ ಒಂದು ಆಕ್ಸಲ್ ಶಾಫ್ಟು ತುಂಡಾದರೂ, ಈ ತಡೆ ಆ ಕ್ಷಣವೇ ಮಾಯವಾಗುತ್ತದೆ. ಒಂದು ಕಡೆ ತುಂಡಾದರೆ ಇನ್ನೊಂದು ಕಡೆ ಉಳಿಯುವುದಿಲ್ಲವೆ? ಉಳಿಯದು, ಬಲ ಎರಡೂ ಕಡೆ ಸಮನಾಗಿರಲೇಬೇಕಾದ್ದರಿಂದ ಒಂದು ಕಡೆ ಸೊನ್ನೆಯಾದರೆ ಇನ್ನೊಂದು ಕಡೆಯೂ ಸೊನ್ನೆ. ದೊಡ್ಡ ಲಾರಿಗಳಲ್ಲಿ ಭಾರವನ್ನು ಹೌಸಿಂಗ್ ಹೊತ್ತಿರುವುದರಿಂದ ಶಾಫ್ಟು ಮುರಿದರೂ ಗಾಲಿ ಕಳಚುವುದಿಲ್ಲ ಎಂಬುದೊಂದು ಸಮಾಧಾನ. ಆದರೆ ಆಮೇಲೆ ಇಡೀ ಹೇರನ್ನು ಗಾಲಿಯ ಬ್ರೇಕುಗಳೇ ತಡೆಯಬೇಕು. ಬಹಳ ಹೊತ್ತು ಒತ್ತಿದರೆ ಅವು ಕಾದು ಹಿಡಿತ ತಪ್ಪುತ್ತವೆ. ಆದುದರಿಂದ ಹಿಂದೆ ದೊಡ್ಡ ಸದ್ದಾಗಿ ಎಂಜಿನ್ನಿನ ತಡೆ ತಪ್ಪಿತೆಂದು ತೋರಿದರೆ, ಬ್ರೇಕು ತಣ್ಣಗಿರುವಾಗಲೇ ಬೆಟ್ಟದ ಮಗ್ಗುಲಿಗೆ ನಿಲ್ಲಿಸಿ ಗಾಲಿಗೆ ಕಲ್ಲು ಕೊಡಬೇಕು. ತಳ ಮುಟ್ಟಿಬಿಡೋಣ ಎಂಬ ಧೈರ್ಯ ಕೂಡದು.

ಇದನ್ನೆಲ್ಲ ತಡೆಯುವ ಉಪಾಯಗಳು ಬಹು ಸುಲಭ. ಸಮನೆಲದ ಮೇಲೆ ಲಾರಿ ನಿಲ್ಲಿಸಿ ಹೌಸಿಂಗಿನ ಬಿರಡೆ ಬಿಚ್ಚಿದರೆ ಎಣ್ಣೆ ರಂಧ್ರದ ಅಂಚಿನವರೆಗೆ ಇರಬೇಕು. ಹೊಳೆ, ಹಳ್ಳ ದಾಟಿದ ಮೇಲೆ ಎಣ್ಣೆ ಬೆಳ್ಳಗಾಗಿದೆಯೇ ಎಂದು ನೋಡಬೇಕು. ಎಣ್ಣೆ ಬದಲಾಯಿಸುವಾಗ ಕೆಳಗಿನ ಅಯಸ್ಕಾಂತದ ಬಿರಡೆಗೆ ಕಾಡಿಗೆಯಂಥ ನಯವಾದ ಪುಡಿ ಅಂಟಿದ್ದರೆ ಸಹಜ. ಚಕ್ಕೆ, ಚೂರು ಅಂಟಿದ್ದರೆ ಬಿಚ್ಚಿ ನೋಡತಕ್ಕದ್ದು. ಉಸಿರುಗಂಡಿಯನ್ನು ಒರೆಸಿಡಬೇಕು. ಎಡಬಲದ ಟೈರುಗಳು ಒಂದೇ ಅಳತೆಯವಾಗಿರಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಸವೆದದ್ದು ಹಾಕಿ ನೂರಕ್ಕೆ ಒಂದರಷ್ಟು ವ್ಯತ್ಯಾಸವಾದರೂ, ಸಾವಿರ ಕಿಲೋಮೀಟರಿನ ನೇರ ರಸ್ತೆಯಲ್ಲಿ ಒಂದು ಗಾಲಿ ಸುಮಾರು ೩೦೦೦ ಸುತ್ತು ಹೆಚ್ಚು ತಿರುಗಿ ಸ್ಟಾರ್ ಪಿನಿಯನ್‌ಗಳಿಗೆ ಬಿಡುವೇ ಇಲ್ಲದಂತಾಗುತ್ತದೆ. ಕೆಸರಿನಲ್ಲಿ ಸಿಕ್ಕಿದರೆ ಎಂಜಿನ್ ಮೊರೆಯಿಸದೆ ಇಳಿದು, ಗಾಲಿಗೆ ಕಲ್ಲು, ಸೊಪ್ಪು ಹಾಕಿ ಮೆಲ್ಲನೆ ಎಬ್ಬಿಸಬೇಕು. ಎಲ್ಲಕ್ಕಿಂತ ಮೇಲಾಗಿ, ಹೇರು ಮಿತಿಯಲ್ಲಿರಬೇಕು.

ನಿಮ್ಮ ಮನೆಯಲ್ಲಿ ಲಾರಿ ಇಲ್ಲದಿರಬಹುದು. ಆದರೆ ಸಾಮಾನು ತರಿಸುವಾಗ 'ಇನ್ನೂ ನಾಲ್ಕು ಮೂಟೆ ಇದರಲ್ಲೇ ಹಾಕಿಬಿಡಪ್ಪಾ' ಎಂದು ಹೇಳುವವರು ನಾವೇ. ಬಸ್ಸಿನಲ್ಲಿ ಹಿಂದಿನ ಆಸನದಲ್ಲಿ ಕುಳಿತು ಅಡಿಯಿಂದ ಬರುವ ಹೊಸ ಸದ್ದನ್ನು ಮೊದಲು ಕೇಳುವವರೂ ನಾವೇ. ಮೊದಲನೆಯ ಮಾತನ್ನು ಆಡದಿರೋಣ. ಎರಡನೆಯದನ್ನು ಬಸ್ಸು ನಿಂತಾಗ ಚಾಲಕನಿಗೆ ತಿಳಿಸೋಣ.